ಅಪ್ಪನ ಕೈ ನಡುಗುವುದಿಲ್ಲ, ಅಕ್ಷರ ಮಾತ್ರ ಸಣ್ಣದಾಗುತ್ತಿದೆ. ಪಾರ್ಕಿನ್ಸನ್ ಇರಬಹುದಾ?

ಕೇಳಿದವರು: ತೀರ್ಥಹಳ್ಳಿ ಕಡೆಯವಳು

ನಮಸ್ಕಾರ. ಅಪ್ಪನ ವಿಷಯ ಕೇಳಬೇಕಿತ್ತು. ಬರೆದದ್ದು ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 69 ವರ್ಷ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ, ಸಣ್ಣ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಅವರಿಗೆ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ. ಶುಗರ್ ಇಲ್ಲ.

ಮೊದಲು ಅನುಮಾನ ಬಂದದ್ದು ಬ್ಯಾಂಕಿನವರಿಗೆ. ಸಹಿ ಹೊಂದುತ್ತಿಲ್ಲ ಅಂತ ಚೆಕ್ ವಾಪಸ್ ಕಳಿಸಿದರು. ಅಪ್ಪನಿಗೆ ವಿಪರೀತ ಸಿಟ್ಟು ಬಂತು. ಮುಂದೆ ಊರಿಗೆ ಹೋದಾಗ ನಾನು ತೋಟದ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ದುಂಡಗೆ, ದೊಡ್ಡದಾಗಿ ಬರೆಯುವವರು ಅವರು. ಈಗ ಸಾಲಿನ ಶುರುವಿನಲ್ಲಿ "ಗೊಬ್ಬರ ಹೊತ್ತ ಕೂಲಿ" ಅನ್ನುವುದು ಸರಿಯಾಗಿಯೇ ಇರುತ್ತದೆ. ಕೊನೆಗೆ ಹೋಗುವಷ್ಟರಲ್ಲಿ ಅಂಕಿಗಳು ಸಾಸಿವೆ ಕಾಳಿನಷ್ಟಾಗಿವೆ. ಒತ್ತಕ್ಷರಗಳಂತೂ ಬರೀ ಚುಕ್ಕೆ. ಎರಡು ವರ್ಷದ ಹಿಂದಿನ ಪುಸ್ತಕದಲ್ಲಿ ಹೀಗಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ನಡೆಯುವಾಗ ಎಡಗೈ ಬೀಸುತ್ತದೆ, ಬಲಗೈ ಮೊಣಕೈ ಹತ್ತಿರ ಮಡಚಿಕೊಂಡು ಹಾಗೇ ಇರುತ್ತದೆ. ಬಲಗಾಲಿನ ಹವಾಯಿ ಚಪ್ಪಲಿ ಅಂಗಳದಲ್ಲಿ ಸರಬರ ಅಂತ ಎಳೆಯುತ್ತದೆ. ಅಕ್ಕನ ಮಗಳ ಮದುವೆ ಫೋಟೋಗಳಲ್ಲಿ ಒಂದರಲ್ಲೂ ನಗು ಇಲ್ಲ. ನೆಂಟರೆಲ್ಲ "ಮೇಷ್ಟ್ರಿಗೆ ಯಾರ ಮೇಲೆ ಮುನಿಸು?" ಅಂತ ಕೇಳಿದರು. ಅವರಿಗೆ ಮುನಿಸೇನೂ ಇರಲಿಲ್ಲ. ಮುಖ ಹಾಗಿತ್ತು ಅಷ್ಟೆ. ಫೋನಿನಲ್ಲಿ ಧ್ವನಿಯೂ ಇಳಿದಿದೆ, ಏನು ಹೇಳಿದ್ರಿ ಅಂತ ಮತ್ತೆ ಮತ್ತೆ ಕೇಳಬೇಕು.

ಊರಿನ ಡಾಕ್ಟರ್ "ಕೈ ನಡುಗುತ್ತಿಲ್ಲ, ವಯಸ್ಸಿನ ಸುಸ್ತು" ಅಂತ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದ್ದಾರೆ. ನಮ್ಮ ಚಿಕ್ಕಪ್ಪ ಮಾತ್ರ "ಇದು ಪಾರ್ಕಿನ್ಸನ್ ಇರಬಹುದು, ತೋರಿಸಿ" ಅಂತಿದ್ದಾರೆ. ನಡುಕವೇ ಇಲ್ಲದೆ ಪಾರ್ಕಿನ್ಸನ್ ಇರುತ್ತದಾ? ಏನೇನು ನೋಡಬೇಕು, ಎಲ್ಲಿ ತೋರಿಸಬೇಕು?

---

ಉತ್ತರ: ಹಾಸನದ ಅಣ್ಣ

ನಡುಕ ಇಲ್ಲ ಅಂದಮೇಲೆ ಪಾರ್ಕಿನ್ಸನ್ ಅಲ್ಲ ತಂಗಿ. ಅದರ ಮುಖ್ಯ ಲಕ್ಷಣವೇ ನಡುಕ. 70ರ ಹತ್ತಿರ ಬಂದಮೇಲೆ ಎಲ್ಲರೂ ನಿಧಾನ ಆಗುತ್ತಾರೆ. ಸುಮ್ನೆ ಗೂಗಲ್ ನೋಡಿ ಹೆದರಬೇಡಿ. ಬಾದಾಮಿ ಹಾಲು ಕೊಡಿ, ಬೆಳಿಗ್ಗೆ ಬಿಸಿಲಿಗೆ ಕೂರಿಸಿ.

---

ಉತ್ತರ: ನಿವೃತ್ತ ಸಿಸ್ಟರ್, ಶಿವಮೊಗ್ಗ

ಮೇಲಿನವರು ಬೇಜಾರು ಮಾಡಿಕೊಳ್ಳಬಾರದು, ನೀವು ಹೇಳಿದ್ದು ಸರಿ ಇಲ್ಲ. ಬಿಸಿಲು ಒಳ್ಳೆಯದೇ. ಆದರೆ ನಡುಕ ಇಲ್ಲ ಅಂತ ಸುಮ್ಮನೆ ಕೂತು ವರ್ಷಗಟ್ಟಲೆ ಕಳೆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ಡಾಕ್ಟರ್ ಅಲ್ಲ. ಸ್ಟಾಫ್ ನರ್ಸ್ ಆಗಿದ್ದೆ, ಸರ್ವಿಸಿನ ಕೊನೆಯ ಭಾಗ ನರರೋಗದ ವಾರ್ಡಿನಲ್ಲೇ ಕಳೆಯಿತು. ಮನೆಯಲ್ಲಿ ನಮ್ಮ ಯಜಮಾನರ ಅಣ್ಣನಿಗೂ ಇದೇ ಕಾಯಿಲೆ. ಅವರು ನಮ್ಮ ಜೊತೆಯೇ ಇದ್ದಾರೆ.

ಪಾರ್ಕಿನ್ಸನ್ ಇರುವವರಲ್ಲಿ ಎಲ್ಲರಿಗೂ ನಡುಕ ಇರುವುದಿಲ್ಲ ಕಣಮ್ಮ. ಶುರುವಿನಲ್ಲಿ ಸುಮಾರು ಕಾಲು ಭಾಗ ಜನರಿಗೆ ಕಾಣಿಸುವುದಿಲ್ಲ. ಡಾಕ್ಟರು ಮೊದಲು ಹುಡುಕುವುದು ನಿಧಾನವನ್ನು. ಅದು ಇರಲೇಬೇಕು. ಅದರ ಜೊತೆಗೆ ಬಿಗಿತವೋ ನಡುಕವೋ ಯಾವುದಾದರೂ ಒಂದು ಇದ್ದರೆ ಆಗ ಪಾರ್ಕಿನ್ಸನ್ ಕಡೆಗೆ ಯೋಚನೆ ಹೋಗುತ್ತದೆ.

ಈ ನಿಧಾನ ವಯಸ್ಸಿನ ನಿಧಾನದ ಥರ ಅಲ್ಲ. ವಯಸ್ಸಾದವರು ಒಂದೇ ಹದದಲ್ಲಿ ನಿಧಾನವಾಗಿ ಮಾಡುತ್ತಾರೆ. ಇದರಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಚಲನೆ ಚಿಕ್ಕದಾಗುತ್ತಾ ಹೋಗುತ್ತದೆ. ನಿಮ್ಮ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಆಗಿರುವುದು ಅದೇ. ವಾರ್ಡಿನಲ್ಲಿ ಹೆಬ್ಬೆರಳು, ತೋರುಬೆರಳು ಎರಡನ್ನೂ ಅಗಲವಾಗಿ ಬಿಚ್ಚಿ ಬೇಗಬೇಗ ತಟ್ಟಿಸುತ್ತಾರೆ. ಮೊದಲ ನಾಲ್ಕೈದು ಸಲ ಬೆರಳು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಅಂತರ ಕಮ್ಮಿ ಆಗುತ್ತಾ ಆಗುತ್ತಾ ಬೆರಳು ಅಂಟಿಕೊಂಡೇ ಇರುತ್ತದೆ, ಮಧ್ಯೆ ಮಧ್ಯೆ ನಿಂತೂ ಹೋಗುತ್ತದೆ. ಒಂದು ಕೈಯಲ್ಲಿ ಹೀಗಾಗಿ ಇನ್ನೊಂದು ಕೈ ಸರಿ ಇದ್ದರೆ ಗಮನಿಸಬೇಕು.

ನಮ್ಮ ಮನೆಯಲ್ಲಿ ಗೊತ್ತಾದದ್ದು ಊಟದ ಹೊತ್ತಿಗೆ. ನಮ್ಮದು ಮುದ್ದೆ ತಿನ್ನುವ ಮನೆ. ಭಾವನವರು ಮುದ್ದೆ ಮುರಿದು, ಬೆರಳಲ್ಲಿ ಉರುಟಿ, ಸಾರಿಗೆ ಅದ್ದಿ ನುಂಗುವುದು ನೋಡಲು ಚೆಂದ. ಆ ಉರುಟುವುದು ನಿಂತುಹೋಯಿತು. ಮುರಿದ ತುಂಡನ್ನು ಹಾಗೇ ಒತ್ತಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲರೂ ಎದ್ದು ಕೈ ತೊಳೆದರೂ ಅವರ ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇರುತ್ತಿತ್ತು. ಹಸಿವಿಲ್ಲ ಅಂತ ನಮ್ಮತ್ತೆ ಮುದ್ದೆ ಚಿಕ್ಕದು ಮಾಡಿದರು. ಅವರು ಅದಕ್ಕೂ ಅಷ್ಟೇ ಹೊತ್ತು ತೆಗೆದುಕೊಂಡರು.

ನೀವೂ ಊರಿಗೆ ಹೋದಾಗ ಇಂಥದ್ದನ್ನೇ ನೋಡಿ. ಅಂಗಿ ಗುಂಡಿ ಹಾಕುವಾಗ, ಅನ್ನ ಕಲಸುವಾಗ, ಪಂಚೆ ಬಿಗಿದು ಕಟ್ಟುವಾಗ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ. ನಡೆದು ಹೋಗಿ ವಾಪಸ್ ತಿರುಗುವಾಗ ಒಂದೇ ಸಲ ತಿರುಗುತ್ತಾರೋ, ಅಥವಾ ಪುಟ್ಟ ಪುಟ್ಟ ಹೆಜ್ಜೆ ಹಾಕಿ ಇಡೀ ಮೈಯನ್ನು ಒಟ್ಟಿಗೆ ತಿರುಗಿಸುತ್ತಾರೋ ನೋಡಿ. ಕಾಯಿಲೆ ಸಾಮಾನ್ಯವಾಗಿ ಒಂದು ಬದಿಯಿಂದ ಶುರುವಾಗುತ್ತದೆ. ನೀವು ಹೇಳಿದ ಕೈಬರಹ, ಕೈ, ಕಾಲು ಮೂರೂ ಬಲಗಡೆಯದೇ.

ಇನ್ನು ಎರಡು ವಿಷಯ ನೀವು ಬರೆದಿಲ್ಲ, ಅಮ್ಮನನ್ನು ಕೇಳಿ. ಒಂದು ಮೂಗು. ಇಂಗಿನ ಒಗ್ಗರಣೆ, ಸೀದ ಹಾಲು ಇಂಥದ್ದರ ವಾಸನೆ ಅಪ್ಪನಿಗೆ ಬರುತ್ತದಾ? ಇನ್ನೊಂದು ನಿದ್ದೆ. ಕನಸಿನಲ್ಲಿ ಕೂಗುವುದು, ಕೈ ಬೀಸುವುದು, ಒದೆಯುವುದು ಇದೆಯಾ? ಕನಸು ಬೀಳುವ ಹೊತ್ತಿನಲ್ಲಿ ನಮ್ಮ ಮೈಕೈ ಸಡಿಲವಾಗಿ ಅಲುಗದೆ ಬಿದ್ದಿರಬೇಕು. ಇವರಲ್ಲಿ ಆ ಹಿಡಿತ ತಪ್ಪಿ, ಕನಸಿನಲ್ಲಿ ಜಗಳ ಆಡಿದರೆ ಹಾಸಿಗೆಯಲ್ಲೂ ಜಗಳ ಆಡುತ್ತಾರೆ. ಕೈ ಕಾಲಿನ ತೊಂದರೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಇರಬಹುದು. ಮಲಬದ್ಧತೆಯೂ ಹಾಗೇ. ನಿಧಾನ ಕಣ್ಣಿಗೆ ಕಾಣುವ ಹೊತ್ತಿಗೆ ಮೆದುಳಿನಲ್ಲಿ ಡೋಪಮಿನ್ (ಮೈಕೈ ಸರಾಗವಾಗಿ ಆಡಲು ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ, ಹೋಗಿಬಿಟ್ಟಿರುತ್ತವೆ. ಅದಕ್ಕೇ ಈ ಹಳೆಯ ಸುಳಿವುಗಳನ್ನು ಕೇಳುವುದು.

ಹಾಗಂತ ಮೂಗು ಹೋದವರಿಗೆಲ್ಲ ಪಾರ್ಕಿನ್ಸನ್ ಅಲ್ಲ. ನೆಗಡಿ, ಸೈನಸ್, ಕೋವಿಡ್, ಬರೀ ವಯಸ್ಸು, ಯಾವುದರಿಂದಲಾದರೂ ಹೋಗಬಹುದು. ಮಲಬದ್ಧತೆ ಯಾರ ಮನೆಯಲ್ಲಿಲ್ಲ ಹೇಳಿ. ಒಂದೊಂದನ್ನೇ ಹಿಡಿದು ಹೆದರಬೇಡಿ. ಎಲ್ಲ ಒಬ್ಬರಲ್ಲೇ ಕೂಡಿಕೊಂಡಾಗ ನ್ಯೂರಾಲಜಿಸ್ಟ್ ಹತ್ತಿರ ಹೋಗಬೇಕು.

ಇನ್ನೊಂದು ಮಾತು, ಇದು ಓದುವ ಎಲ್ಲರಿಗೂ. ಕೈ ಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಆದರೆ ಅದು ಪಾರ್ಕಿನ್ಸನ್ ಅಲ್ಲ, ಲಕ್ವ. ಇಲ್ಲಿ ಪ್ರಶ್ನೆ ಬರೆಯುತ್ತಾ ಕೂರಬೇಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು.

ಸ್ಕ್ಯಾನಿಂಗ್ ಪ್ಯಾಕೇಜ್ ಅಂತ ಯಾರಾದರೂ ಹೇಳಿದರೆ ಮೊದಲೇ ದುಡ್ಡು ಸುರಿಯಬೇಡಿ. ಇದನ್ನು ಖಚಿತ ಮಾಡುವ ಮಾಮೂಲಿ ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ, ಬೇರೆ ಕಾಯಿಲೆ ಇಲ್ಲ ಅಂತ ನೋಡಿಕೊಳ್ಳಲು ಡಾಕ್ಟರ್ ಬರೆದರೆ ಮಾಡಿಸಿ. ಮುಖ್ಯವಾಗಿ ಗುರುತಿಸುವುದು ಡಾಕ್ಟರ ಕಣ್ಣು, ಕೈ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಮೊದಲು ಬರೆದಾಗ ಆರೇ ಜನರ ವಿವರ ಕೊಟ್ಟಿದ್ದರು. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ. ಇವತ್ತಿಗೂ ಒಳ್ಳೆಯ ನ್ಯೂರಾಲಜಿಸ್ಟ್ ರೋಗಿ ಬಾಗಿಲಿನಿಂದ ಕುರ್ಚಿಗೆ ನಡೆದು ಬರುವಷ್ಟರಲ್ಲಿ ಅರ್ಧ ನೋಡಿ ಮುಗಿಸಿರುತ್ತಾರೆ.

ಆದರೆ ಡಾಕ್ಟರ ಮುಂದೆ ನಿಂತಾಗ ಮೇಷ್ಟ್ರು ನೆಟ್ಟಗಾಗಿಬಿಡುತ್ತಾರೆ, ನೋಡಿ ಬೇಕಾದರೆ. ಅದಕ್ಕೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅಂಗಳದಲ್ಲಿ ನಡೆದು ತಿರುಗುವುದು, ಬರೆಯುವುದು, ಗುಂಡಿ ಹಾಕುವುದು. ಹಳೆಯ ಲೆಕ್ಕದ ಪುಸ್ತಕ, ಹೊಸದು, ಎರಡನ್ನೂ ಚೀಲಕ್ಕೆ ಹಾಕಿ.

ಇದೆಲ್ಲದಕ್ಕಿಂತ ಮೊದಲು ಒಂದು ಕೆಲಸ. ಅಪ್ಪ ನುಂಗುವ ಎಲ್ಲಾ ಮಾತ್ರೆಗಳ ಹೆಸರು ಇಲ್ಲಿ ಬರೆಯಿರಿ. ಬಿಪಿಯದು ಮಾತ್ರ ಅಲ್ಲ. ಗ್ಯಾಸಿಗೆ, ತಲೆಸುತ್ತಿಗೆ, ನಿದ್ದೆಗೆ ಅಂತ ಏನೇನಿದೆಯೋ ಎಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

---

ಉತ್ತರ: ಟೈಲರ್, ದಾವಣಗೆರೆ

ನಾನು ಹೊರಗಿನವನಾಗಿ ಹೇಳುತ್ತಿಲ್ಲ, ನನಗೇ ಇದೆ. ಈಗ 63. ಇನ್ನೂ ಮಷಿನ್ ಮೇಲೆ ಕೂರುತ್ತೇನೆ.

ನನಗೆ ಮೊದಲು ಬಂದದ್ದು ಭುಜದ ನೋವು. ಎಡಭುಜ ಮೇಲಕ್ಕೇ ಏಳುತ್ತಿರಲಿಲ್ಲ. ಫ್ರೋಜನ್ ಶೋಲ್ಡರ್ ಅಂದರು. ಎಣ್ಣೆ ತಿಕ್ಕಿದ್ದಾಯ್ತು, ಶಾಖ ಕೊಟ್ಟಿದ್ದಾಯ್ತು, ಫಿಸಿಯೋಥೆರಪಿ ಆಯ್ತು. ಕಮ್ಮಿ ಆಗಲಿಲ್ಲ. ಅಂಗಡಿಯಲ್ಲಿ ಕಾಣಿಸಿದ್ದು ಬೇರೆ. ಎಡಗೈಯಲ್ಲಿ ಬಟ್ಟೆ ಹಿಡಿದು ಸೂಜಿಯ ಕೆಳಗೆ ಜರುಗಿಸುತ್ತಾ ಹೋಗಬೇಕಲ್ಲ, ಆ ಕೈ ಹಿಂದೆ ಬೀಳುತ್ತಿತ್ತು. ಪ್ಯಾಂಟಿನ ಉದ್ದ ಹೊಲಿಗೆ ಅರ್ಧಕ್ಕೆ ಬಂದಾಗ ಸೊಟ್ಟ ಆಗುತ್ತಿತ್ತು. ಕಾಜಾ ಹಾಕುವುದಂತೂ ಹುಡುಗನಿಗೆ ಬಿಟ್ಟುಕೊಟ್ಟೆ. ಗಿರಾಕಿಗಳು "ಯಾಕ್ರೀ ಮಾಸ್ಟರ್, ಕಣ್ಣು ಮಂಜಾ?" ಅಂತ ಕೇಳುತ್ತಿದ್ದರು. ಕನ್ನಡಕ ಬದಲಾಯಿಸಿದೆ. ಕಣ್ಣು ಚೆನ್ನಾಗಿಯೇ ಇತ್ತು.

ನಡುಕ ಬಂದದ್ದು ಎಷ್ಟೋ ತಿಂಗಳ ಮೇಲೆ. ಅದೂ ಕೆಲಸ ಮಾಡುವಾಗ ಇಲ್ಲ. ಟಿವಿ ನೋಡುತ್ತಾ ಕೈ ತೊಡೆ ಮೇಲೆ ಸುಮ್ಮನೆ ಇಟ್ಟಾಗ ಹೆಬ್ಬೆರಳು ತೋರುಬೆರಳಿಗೆ ತಿಕ್ಕಿಕೊಳ್ಳುತ್ತಿತ್ತು. ಕತ್ತರಿ ಹಿಡಿದರೆ ನಿಂತುಹೋಗುತ್ತಿತ್ತು. ಹಾಗಾಗಿ ಊರಿನವರು ಯಾರೂ ನೋಡಿರಲಿಲ್ಲ. ನೋಡಿದ್ದು ನನ್ನ ಮೊಮ್ಮಗಳು. "ತಾತಾ, ನಿನ್ನ ಕೈ ದುಡ್ಡು ಎಣಿಸ್ತಾ ಇದೆ" ಅಂದಳು.

ಈಗ ಇದಕ್ಕೆ ಸಿಂಡೋಪಾ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಊಟಕ್ಕೆ ಅರ್ಧ ಗಂಟೆ ಮೊದಲು, ಗಡಿಯಾರ ನೋಡಿ. ಬೇಳೆ, ಮೊಟ್ಟೆ, ಹಾಲಿನ ಜೊತೆ ತೆಗೆದುಕೊಂಡರೆ ನನಗೆ ಸರಿಯಾಗಿ ಹಿಡಿಯುವುದಿಲ್ಲ. ಕಾಯಿಲೆ ಹೋಗುವುದಿಲ್ಲ ಅಂತ ಡಾಕ್ಟರ್ ಮೊದಲ ದಿನವೇ ಹೇಳಿದರು. ಆದರೆ ಮಾತ್ರೆ ಹಿಡಿದ ಮೇಲೆ ಕೈ ಬಿಡುತ್ತದೆ, ಆ ಹೊತ್ತಿಗೆ ನೋಡಿಕೊಂಡು ಕಟಿಂಗ್ ಕೆಲಸ ಇಟ್ಟುಕೊಳ್ಳುತ್ತೇನೆ. ದಿನಾ ನಡೆಯುತ್ತೇನೆ, ಬೇಕಂತಲೇ ದೊಡ್ಡ ಹೆಜ್ಜೆ ಹಾಕಿ.

ಮೇಷ್ಟ್ರ ಜೊತೆ ಮಾತಾಡುವಾಗ ಒಂದು ನೆನಪಿರಲಿ ಮೇಡಂ. ಮುಖ ಕಲ್ಲಿನಂತಿದ್ದರೂ ಒಳಗೆ ಎಲ್ಲ ಗೊತ್ತಾಗುತ್ತಿರುತ್ತದೆ. "ಯಾಕಪ್ಪಾ ನಗಲ್ಲ?" ಅಂತ ಎಲ್ಲರ ಎದುರಿಗೆ ಕೇಳಬೇಡಿ. ನನಗೆ ನಡುಕಕ್ಕಿಂತ ಆ ಪ್ರಶ್ನೆಯೇ ಜಾಸ್ತಿ ನಾಚಿಕೆ ತಂದದ್ದು.

---

ಉತ್ತರ: ತೀರ್ಥಹಳ್ಳಿ ಕಡೆಯವಳು (ಕೇಳಿದವರು)

ಟೈಲರ್ ಸರ್, ಸಿಸ್ಟರ್, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ.

ವಾಸನೆ ಕೇಳಿದ್ದಕ್ಕೆ ಅಮ್ಮ ನಕ್ಕುಬಿಟ್ಟರು. ಹಣ್ಣಾದ ಹಲಸಿನಕಾಯಿ ಒಳಕೋಣೆಯಲ್ಲಿ ಇಟ್ಟಿದ್ದರೂ ಅಪ್ಪ "ಹಲಸು ಹಣ್ಣಾಯ್ತೇನೇ?" ಅಂತ ಕೇಳುತ್ತಾರಂತೆ. ಮನೆಗೆಲ್ಲ ಹಬ್ಬಿದ ಘಮ ಅವರಿಗಿಲ್ಲ. ಇದು ಕೋವಿಡ್‌ಗಿಂತ ಮುಂಚಿನದು ಅಂತ ಅಮ್ಮ ಖಚಿತವಾಗಿ ಹೇಳುತ್ತಾರೆ.

ನಿದ್ದೆಯ ವಿಷಯ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅಪ್ಪ ರಾತ್ರಿ ಮಕ್ಕಳಿಗೆ ಗದರಿಸುವ ಹಾಗೆ ಕೂಗುತ್ತಾರೆ, ಕೈ ಬೀಸುತ್ತಾರೆ, ಒಮ್ಮೆ ಅಮ್ಮನ ಬಳೆ ಒಡೆದಿತ್ತು. ಅಮ್ಮ ಬಹಳ ವರ್ಷದಿಂದ ಜಗಲಿ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಸೆಕೆ ಅಂತ ನಮಗೆಲ್ಲ ಹೇಳುತ್ತಿದ್ದರು.

ಮಾತ್ರೆ ಡಬ್ಬಿಯ ಫೋಟೋ ತರಿಸಿಕೊಂಡೆ. ಬಿಪಿಗೆ ಟೆಲ್ಮಿಸಾರ್ಟನ್. ರಾತ್ರಿ ಇಸಬ್‌ಗೋಲ್. ಗ್ಯಾಸಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಕ್ಯಾಪ್ಸೂಲ್, ಅದರ ಮೇಲೆ ರಾಬೆಪ್ರಜೋಲ್ ಮತ್ತು ಲೆವೋಸಲ್ಪಿರೈಡ್ ಅಂತ ಇದೆ. ಯಾವಾಗಲೋ ಹೊಟ್ಟೆ ಉಬ್ಬರಕ್ಕೆ ಹದಿನೈದು ದಿನಕ್ಕೆ ಬರೆದುಕೊಟ್ಟದ್ದು. ಚೆನ್ನಾಗಿದೆ ಅಂತ ಅಪ್ಪ ಹೋದ ವರ್ಷದಿಂದ ಅಂಗಡಿಯಿಂದ ತರಿಸಿಕೊಂಡು ನುಂಗುತ್ತಲೇ ಇದ್ದಾರೆ. ಇದರಲ್ಲಿ ಏನಾದರೂ ಇದೆಯಾ?

---

ಉತ್ತರ: ಮೆಡಿಕಲ್ ಶಾಪ್, ಪುತ್ತೂರು

ಇದೆ. ರಾಬೆಪ್ರಜೋಲ್ ಆಸಿಡ್ ಕಮ್ಮಿ ಮಾಡುತ್ತದೆ, ಅದರ ತಕರಾರು ಇಲ್ಲಿಲ್ಲ. ಲೆವೋಸಲ್ಪಿರೈಡ್ ನೋಡಬೇಕಾದದ್ದು. ಅದು ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುವುದು ಡೋಪಮಿನ್ ಕೆಲಸವನ್ನು ತಡೆದು. ಮೆದುಳಿಗೂ ಹೋಗಿ ಅಲ್ಲೂ ತಡೆಯುತ್ತದೆ. ವಯಸ್ಸಾದವರು ತಿಂಗಳುಗಟ್ಟಲೆ ತೆಗೆದುಕೊಂಡರೆ ಪಾರ್ಕಿನ್ಸನ್ ಥರವೇ ನಿಧಾನ, ಬಿಗಿತ, ನಡುಕ ಬರಬಹುದು. ಮೆಟೋಕ್ಲೋಪ್ರಮೈಡ್‌ನಿಂದಲೂ ಬರುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್ ಕೂಡ ಇದೇ ಪಟ್ಟಿಯಲ್ಲಿವೆ. ಮಾನಸಿಕ ಕಾಯಿಲೆಗೆ ಕೊಡುವ ಹಲವು ಮಾತ್ರೆಗಳೂ ಅಷ್ಟೇ, ಅವನ್ನಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಕೌಂಟರಿನಲ್ಲಿ ದಿನಾ ನೋಡುತ್ತೇನೆ. ಹಳೆಯ ಸ್ಟ್ರಿಪ್ ತಂದು "ಇದೇ ಕೊಡಿ" ಅನ್ನುತ್ತಾರೆ. ಚೀಟಿ ಎಲ್ಲಿ ಅಂದರೆ "ಗ್ಯಾಸಿನ ಮಾತ್ರೆಗೂ ಚೀಟಿಯಾ ಮಾರಾಯ್ರೇ?" ಅಂತ ನನಗೇ ಬೈಯುತ್ತಾರೆ, ಪಕ್ಕದ ಅಂಗಡಿಗೆ ಹೋಗಿ ತರುತ್ತಾರೆ.

---

ಉತ್ತರ: ನಿವೃತ್ತ ಸಿಸ್ಟರ್, ಶಿವಮೊಗ್ಗ

ನಾನು ಕಾಯುತ್ತಿದ್ದದ್ದು ಇದಕ್ಕೇ. ಈಗ ಸಮಾಧಾನವಾಗಿ ಕೇಳಮ್ಮ.

ಕ್ಯಾಪ್ಸೂಲಿನಿಂದಲೇ ಎಲ್ಲ ಆಗಿದೆ ಅಂತ ಖುಷಿಪಡಲು ಆಗುವುದಿಲ್ಲ. ಮಾತ್ರೆಯಿಂದ ಬಂದದ್ದಾದರೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಮೂಗಿನ ವಾಸನೆ ಹೋಗುವುದಿಲ್ಲ. ನಿಮ್ಮ ಅಪ್ಪನಿಗೆ ಒಂದೇ ಕಡೆ ಇದೆ, ಹಲಸಿನ ವಾಸನೆ ಹೋಗಿ ವರ್ಷಗಳಾಗಿವೆ, ರಾತ್ರಿಯ ಕೂಗಾಟವೂ ಹಳೆಯದು. ಒಳಗೆ ಮೊದಲೇ ಕಾಯಿಲೆ ಸದ್ದಿಲ್ಲದೆ ಶುರುವಾಗಿದ್ದು, ಈ ಕ್ಯಾಪ್ಸೂಲ್ ಬಂದು ಅದನ್ನು ಹೊರಗೆ ಎಳೆದಿರಲೂಬಹುದು. ಎರಡರಲ್ಲಿ ಯಾವುದು ಅಂತ ನ್ಯೂರಾಲಜಿಸ್ಟ್ ಹೇಳಬೇಕು. ಆದರೆ ಆ ಕ್ಯಾಪ್ಸೂಲ್ ಒಳಗೆ ಹೋಗುತ್ತಿರುವವರೆಗೆ ಅವರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಊರಿನ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ, "ಇದನ್ನು ನಿಲ್ಲಿಸಿ ಬೇರೆ ಕೊಡಬಹುದಾ?" ಅಂತ ಕೇಳಿ. ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ.

ಅಪ್ಪ ಎದ್ದು ನಿಂತಾಗ ತಲೆ ಸುತ್ತುತ್ತದಾ ಅಂತಲೂ ಕೇಳಿ. ಮನೆಯಲ್ಲಿ ಬಿಪಿ ನೋಡುವ ಮಷಿನ್ ಇದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಬರೆದಿಟ್ಟುಕೊಳ್ಳಿ. ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೇ.

ಆ ಅಮ್ಮನ ಕಡೆಗೂ ಸ್ವಲ್ಪ ನೋಡಿ. ಇಷ್ಟು ವರ್ಷ ಹೊಡೆತ ತಿಂದು ಸೆಕೆ ಅಂತ ಹೇಳಿಕೊಂಡು ಬಂದಿದ್ದಾರೆ. ಬೇಕಂತ ಹೊಡೆದದ್ದಲ್ಲ, ನಿದ್ದೆಯ ತೊಂದರೆ ಅಂತ ಅವರಿಗೆ ಬಿಡಿಸಿ ಹೇಳಿ. ಅಪ್ಪನ ಮಂಚ ಗೋಡೆಗೆ ಸರಿಸಿ, ಪಕ್ಕದಲ್ಲಿ ಚೂಪು ಮೂಲೆಯ ಮೇಜು, ಗಾಜಿನ ಲೋಟ ಇಡಬೇಡಿ. ಈ ನಿದ್ದೆಗೂ ಔಷಧಿ ಇದೆ.

ತೋರಿಸುವುದಕ್ಕೆ ನೀವು ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್ ಸುಲಭ. ಅಲ್ಲಿ ಇಂಥ ಚಲನೆಯ ಕಾಯಿಲೆಗಳನ್ನೇ ನೋಡುವ ತಜ್ಞರಿದ್ದಾರೆ. ಬೆಳಿಗ್ಗೆ ಬೇಗ ಹೋಗಿ, ಜನ ಜಾಸ್ತಿ. ಅಷ್ಟು ದೂರ ಅಪ್ಪ ಬರುವುದಿಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಲ್ಲಿದೆ ಅಂತ ವಿಚಾರಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಿಂದ ಮಾಡುತ್ತಿರುವ ವ್ಯವಸ್ಥೆ ಅದು.

ಊರಲ್ಲಿ ಯಾರಾದರೂ ನಸುಗುನ್ನಿ ಬೀಜದ ಪುಡಿ ತಂದುಕೊಡುತ್ತಾರೆ, ನನಗೆ ಗೊತ್ತು. ಅದರಲ್ಲಿ ನಿಜವಾಗಿಯೂ ಲೆವೋಡೋಪಾ ಇದೆ, ಟೈಲರ್ ಅವರು ತೆಗೆದುಕೊಳ್ಳುವ ಮಾತ್ರೆಯಲ್ಲಿರುವುದೂ ಅದೇ. ಸುಮ್ನೆ ಬೊಗಳೆ ಅಲ್ಲ. ಆದರೆ ಚಮಚದಲ್ಲಿ ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ಡಾಕ್ಟರ್ ನೋಡುವ ಮೊದಲು ಬೇಡ. ಆಮೇಲೆ ಕೊಡುವುದಾದರೂ ಅವರಿಗೆ ಹೇಳದೆ ಕೊಡಬೇಡಿ.

---

ಉತ್ತರ: ಮೈಸೂರು ಮೊಮ್ಮಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜಿಗೆ 74. ಕಾಫಿ ಲೋಟ ಎತ್ತಿದರೆ ಎರಡೂ ಕೈ ನಡುಗಿ ಸೀರೆ ಮೇಲೆ ಚೆಲ್ಲುತ್ತದೆ. ಸುಮ್ಮನೆ ಕೂತಾಗ ಏನೂ ಇಲ್ಲ. ಅವರ ಅಣ್ಣನಿಗೂ ಹೀಗೇ ಇತ್ತಂತೆ. ನಡಿಗೆಯೆಲ್ಲ ಚುರುಕು, ಚಾಮುಂಡಿ ಬೆಟ್ಟದ ಮೆಟ್ಟಿಲು ಈಗಲೂ ಹತ್ತುತ್ತಾರೆ. ಇದೂ ಅದೇನಾ?

---

ಉತ್ತರ: ನಿವೃತ್ತ ಸಿಸ್ಟರ್, ಶಿವಮೊಗ್ಗ

ನೀವು ಹೇಳಿದ್ದು ನೋಡಿದರೆ ಬೇರೆ ಅನ್ನಿಸುತ್ತದೆ. ಟೈಲರ್ ಅವರ ನಡುಕ ಕೈ ಸುಮ್ಮನಿದ್ದಾಗ ಬಂದು ಕತ್ತರಿ ಹಿಡಿದರೆ ನಿಲ್ಲುತ್ತಿತ್ತು. ಅಜ್ಜಿಯದು ತಿರುಗಾಮುರುಗಾ. ಎರಡೂ ಕೈ, ಮನೆತನದಲ್ಲಿ ಇರುವುದು, ಏನಾದರೂ ಹಿಡಿದಾಗ ಮಾತ್ರ ಬರುವುದು, ಇದನ್ನು ಎಸೆನ್ಷಿಯಲ್ ಟ್ರೆಮರ್ ಅನ್ನುತ್ತಾರೆ. ಪಾರ್ಕಿನ್ಸನ್‌ಗಿಂತ ಜಾಸ್ತಿ ಜನರಿಗೆ ಇರುತ್ತದೆ. ಇದರಲ್ಲಿ ಅಕ್ಷರ ನಡುಗಿ ವಕ್ರವಾಗುತ್ತದೆ, ಸಣ್ಣದಾಗುವುದಿಲ್ಲ. ಒಮ್ಮೆ ಥೈರಾಯ್ಡ್ ನೋಡಿಸಿ. ಅಸ್ತಮಾಕ್ಕೆ ಏನಾದರೂ ತೆಗೆದುಕೊಳ್ಳುತ್ತಾರಾ ಅಂತಲೂ ಕೇಳಿ, ಅದರಿಂದಲೂ ಕೈ ನಡುಗುತ್ತದೆ. ಲೋಟ ಅರ್ಧ ತುಂಬಿಸಿ ಕೊಡಿ. ಮೆಟ್ಟಿಲು ಹತ್ತಲಿ ಪಾಪ, ತಡೆಯಬೇಡಿ.

---

ಉತ್ತರ: ತೀರ್ಥಹಳ್ಳಿ ಕಡೆಯವಳು (ಕೇಳಿದವರು)

ಅಪ್ಪನನ್ನು ಕರೆಸಿಕೊಂಡು ತೋರಿಸಿದೆ. ಸಿಸ್ಟರ್ ಹೇಳಿದ ಹಾಗೇ ಆಯಿತು. ಡಾಕ್ಟರ ಕೋಣೆಯಲ್ಲಿ ಅಪ್ಪ ಎದೆ ಸೆಟೆಸಿ ನಡೆದರು. ವಿಡಿಯೋ ತೋರಿಸಿದೆ. ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟಾಗ ಡಾಕ್ಟರ್ ಬಹಳ ಹೊತ್ತು ಪುಟ ತಿರುಗಿಸಿದರು, ಅಡಿಕೆ ರೇಟೂ ಕೇಳಿದರು. ಅಪ್ಪ ಅದಕ್ಕೆ ಮಾತ್ರ ಗಟ್ಟಿಯಾಗಿ ಉತ್ತರ ಕೊಟ್ಟರು.

ಬೆರಳು ತಟ್ಟಿಸಿದರು, ಮೊಣಕೈ ಮಡಚಿ ಬಿಡಿಸಿ ನೋಡಿದರು, ಹಿಂದೆ ನಿಂತು ಭುಜ ಎಳೆದು ಬೀಳುತ್ತಾರಾ ಅಂತ ನೋಡಿದರು. ಬಲಗಡೆ ಬಿಗಿತ ಇದೆ, ನಿಧಾನ ಇದೆ ಅಂದರು. ಪಾರ್ಕಿನ್ಸನ್ ಇರುವ ಸಾಧ್ಯತೆಯೇ ಜಾಸ್ತಿ, ಆದರೂ ಗ್ಯಾಸಿನ ಕ್ಯಾಪ್ಸೂಲ್ ಪೂರ್ತಿ ನಿಲ್ಲಿಸಿ ಮೂರು ತಿಂಗಳಿಗೆ ಬನ್ನಿ, ಅಷ್ಟರಲ್ಲಿ ಎಷ್ಟು ಇಳಿಯುತ್ತದೆ ನೋಡೋಣ ಅಂತ ಹೇಳಿದ್ದಾರೆ. ಕೆಲವರಿಗೆ ಪೂರ್ತಿ ಇಳಿಯಲು ಆರು ತಿಂಗಳೂ ಬೇಕಾಗಬಹುದಂತೆ. ಸದ್ಯಕ್ಕೆ ಬೇರೆ ಮಾತ್ರೆ ಶುರು ಮಾಡಿಲ್ಲ. ದಿನಾ ನಡಿಗೆ, ದೊಡ್ಡ ಅಕ್ಷರದಲ್ಲಿ ಒಂದು ಪುಟ ಬರವಣಿಗೆ, ಗಟ್ಟಿಯಾಗಿ ಓದುವುದು. ಗಟ್ಟಿಯಾಗಿ ಓದಬೇಕು ಅಂದದ್ದಕ್ಕೆ ಅಪ್ಪ ಖುಷಿಯಾಗಿದ್ದಾರೆ, ಬೆಳಿಗ್ಗೆ ಆರಕ್ಕೇ ಕುಮಾರವ್ಯಾಸ ಶುರು. ಅಮ್ಮನಿಗೆ ಈಗ ಅದೊಂದು ಗೋಳು.

---

ಉತ್ತರ: ಮೆಡಿಕಲ್ ಶಾಪ್, ಪುತ್ತೂರು

ಒಳ್ಳೆಯದಾಯಿತು. ಒಂದು ಕೆಲಸ ಮಾಡಿ. ಬ್ರ್ಯಾಂಡಿನ ಹೆಸರು ಬೇಡ, ಲೆವೋಸಲ್ಪಿರೈಡ್ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಚೀಟಿಯಲ್ಲಿ ಬರೆದು ಅಪ್ಪನ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಇದು ಹತ್ತಾರು ಕಂಪನಿಯ ಹೆಸರಲ್ಲಿ, ಪ್ಯಾಂಟೊಪ್ರಜೋಲ್ ಜೊತೆ, ಎಸೊಮೆಪ್ರಜೋಲ್ ಜೊತೆ, ಬೇರೆ ಬೇರೆ ಬಣ್ಣದ ಸ್ಟ್ರಿಪ್ಪಿನಲ್ಲಿ ಬರುತ್ತದೆ. ಮುಂದಿನ ಸಲ ಹೊಟ್ಟೆ ಉಬ್ಬರಿಸಿದಾಗ ಬೇರೆ ಯಾರೋ ಡಾಕ್ಟರ್ ಬರೆದುಕೊಡಬಹುದು. ಮೆಟೋಕ್ಲೋಪ್ರಮೈಡ್ ಹೆಸರನ್ನೂ ಅದೇ ಚೀಟಿಗೆ ಸೇರಿಸಿ. ವಾಂತಿಗೆ ಅಂತ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವಾಗ ಆ ಚೀಟಿ ತೋರಿಸಿದರೆ ಬೇರೆ ಔಷಧಿ ಕೊಡುತ್ತಾರೆ.